ಹಾವೇರಿ ವಿ.ವಿ.ಗೆ ಬೀಗದ ಮಾತು, ಚರ್ಚಿನ ಕಾಲೇಜಿಗೆ ವಿ.ವಿ. ಪಟ್ಟ: ಎರಡೂ ಒಂದೇ ಕಾಲದಲ್ಲಿ ಹೇಗೆ?

2025ರ ಫೆಬ್ರುವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯ ವಿ.ವಿ.ಗಳಲ್ಲಿ ವಿಲೀನ ಮಾಡುವ ತೀರ್ಮಾನಕ್ಕೆ ಬಂದಾಗ ಆ ಪಟ್ಟಿಯಲ್ಲಿ ಹಾವೇರಿಯ ಹೆಸರೂ ಇತ್ತು. ಕೆರಿಮತ್ತಿಹಳ್ಳಿಯ ಆವರಣಕ್ಕೆ ವಿಶ್ವವಿದ್ಯಾಲಯದ ಬೋರ್ಡು ಬಂದು ಆಗಿನ್ನೂ ಎರಡು ವರ್ಷ. ಇದೇ ಕಾಲದಲ್ಲಿ ಇನ್ನೊಂದು ಬಗೆಯ ಸುದ್ದಿಯೂ ಬರುತ್ತಿತ್ತು. 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಿಶ್ವವಿದ್ಯಾಲಯವನ್ನು ಉದ್ಘಾಟಿಸಿದರು. 2024ರ ಜನವರಿಯಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಎರಡೂ ಕಥೋಲಿಕ ಪಾದ್ರಿಗಳ ಸಂಘವಾದ ಯೇಸುಸಭೆ, ಅಂದರೆ ಜೆಸ್ವಿಟರು, ನಡೆಸುವ ಸಂಸ್ಥೆಗಳು.

ಹಾವೇರಿ, ಗದಗ ಭಾಗದ ಓದುಗರಿಗೆ ಇದು ತಲೆಕೆಳಗಾಗಿ ಕಂಡರೆ ಆಶ್ಚರ್ಯವಿಲ್ಲ. ಸರ್ಕಾರ ಕಟ್ಟಿದ್ದು ಉಳಿಯುವುದು ಕಷ್ಟ ಎನ್ನುತ್ತಾರೆ, ಚರ್ಚು ಕಟ್ಟಿದ್ದಕ್ಕೆ ವಿ.ವಿ. ಪಟ್ಟ ಸಿಗುತ್ತದೆ. ಹಾಗಾದರೆ ಪದವಿ ಕೊಡುವುದು ಚರ್ಚೇ? ಅಲ್ಲಿ ಬೇರೆ ಧರ್ಮದವರಿಗೆ ಸೀಟು ಉಂಟೇ? ಧಾರವಾಡದಲ್ಲಿ ಮೂರು ವರ್ಷದ ಬಿ.ಎ. ಅಲ್ಲಿ ನಾಲ್ಕು ವರ್ಷ ಏಕೆ? ಪ್ರವೇಶದ ದಿನಗಳಲ್ಲಿ ಧಾರವಾಡದ ಸಪ್ತಾಪುರದ ಓದುಕೋಣೆಗಳಿಂದ ಹಿಡಿದು ರಾಣೆಬೆನ್ನೂರಿನ ಪಿಯು ಕಾಲೇಜಿನವರೆಗೆ ಕೇಳಿಬರುವ ಪ್ರಶ್ನೆಗಳಿವು. ಬಿಡಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರಮಾಣಪತ್ರದ ಕೆಳಗೆ ಯಾರ ಸಹಿ

ಭಾರತದಲ್ಲಿ ಪದವಿ ಕೊಡುವ ಹಕ್ಕನ್ನು ನಿರ್ಧರಿಸುವುದು 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆ. ಸಂಸತ್ತು ಇಲ್ಲವೇ ರಾಜ್ಯ ಶಾಸನಸಭೆ ಕಾಯ್ದೆ ಮಾಡಿ ಸ್ಥಾಪಿಸಿದ ಸಂಸ್ಥೆ ಸೆಕ್ಷನ್ 2(ಎಫ್) ಪ್ರಕಾರ ವಿಶ್ವವಿದ್ಯಾಲಯ. ಯುಜಿಸಿ ಸಲಹೆಯ ಮೇಲೆ ಕೇಂದ್ರ ಸರ್ಕಾರ ಘೋಷಿಸಿದರೆ ಸೆಕ್ಷನ್ 3ರಡಿ ಡೀಮ್ಡ್ ವಿಶ್ವವಿದ್ಯಾಲಯ. ಇವೆರಡು ವರ್ಗಕ್ಕೂ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೂ ಮಾತ್ರ ಸೆಕ್ಷನ್ 22 ಪದವಿ ಕೊಡಲು ಬಿಡುತ್ತದೆ. ಬಿಷಪ್ಪರಾಗಲೀ ಪೋಪರಾಗಲೀ ಬರೆದುಕೊಟ್ಟ ಕಾಗದದಿಂದ ಬಿ.ಎ., ಬಿ.ಎಸ್ಸಿ. ಹುಟ್ಟುವುದಿಲ್ಲ.

ಚರ್ಚಿನ ಬಳಿ ಅದರದೇ ಕಾನೂನಿದೆ, ಆದರೆ ಅದು ಬೇರೆ ವಿಷಯವನ್ನು ನೋಡಿಕೊಳ್ಳುತ್ತದೆ. 1983ರ ಧರ್ಮಸಭೆಯ ಕಾನೂನುಸಂಹಿತೆಯ 808ನೇ ವಿಧಿಯಂತೆ, ಅಧಿಕಾರ ಹೊಂದಿದ ಧರ್ಮಾಧಿಕಾರಿಯ ಒಪ್ಪಿಗೆ ಇಲ್ಲದೆ ಯಾವ ವಿಶ್ವವಿದ್ಯಾಲಯವೂ 'ಕಥೋಲಿಕ' ಎಂಬ ಹೆಸರು ಇಟ್ಟುಕೊಳ್ಳುವಂತಿಲ್ಲ. 1990ರ ಆಗಸ್ಟ್ 15ರಂದು ಪೋಪ್ ಎರಡನೆಯ ಜಾನ್ ಪಾಲ್ ಹೊರಡಿಸಿದ ಶಾಸನವು ಇಂಥ ವಿಶ್ವವಿದ್ಯಾಲಯ ಹೇಗೆ ನಡೆಯಬೇಕೆಂದು ವಿವರಿಸುತ್ತದೆ. ಸಂಶೋಧನೆಯ ಸ್ವಾತಂತ್ರ್ಯವನ್ನು ಒಪ್ಪುತ್ತದೆ, ಜತೆಗೆ ಸಂಸ್ಥೆಯ ಗುರುತು ಕ್ರೈಸ್ತವಾಗಿಯೇ ಇರಬೇಕೆನ್ನುತ್ತದೆ. ಪಾದ್ರಿಗಳ ತರಬೇತಿಗೆಂದೇ ಇರುವ ದೇವಶಾಸ್ತ್ರದ ಪೀಠಗಳು ಇನ್ನೊಂದು ಬಗೆ. ಬೆಂಗಳೂರಿನ ಧರ್ಮಾರಾಮ್ ವಿದ್ಯಾಕ್ಷೇತ್ರ, ಪುಣೆಯ ಜ್ಞಾನದೀಪ ಆ ಸಾಲಿನವು. ಅಲ್ಲಿನ ದೇವಶಾಸ್ತ್ರದ ಪದವಿಗೆ ರೋಮಿನ ಮನ್ನಣೆಯೇ ಮೂಲ. ಅದನ್ನು ಜೋಸೆಫ್ಸ್‌ನ ಬಿ.ಎಸ್ಸಿ.ಯ ಜತೆ ಒಂದೇ ತಕ್ಕಡಿಯಲ್ಲಿ ಇಡುವುದರಿಂದಲೇ ಅರ್ಧ ಗೊಂದಲ ಶುರುವಾಗುತ್ತದೆ.

ಹಾಗಾಗಿ ನಮ್ಮಲ್ಲಿ 'ಕಥೋಲಿಕ ವಿಶ್ವವಿದ್ಯಾಲಯ' ಎಂದರೆ ಕಥೋಲಿಕ ಸಂಘವೊಂದು ಕಟ್ಟಿ ನಡೆಸುವ, ಭಾರತದ ಕಾನೂನಿನ ಬಲದಿಂದ ಪದವಿ ಕೊಡುವ ಸಂಸ್ಥೆ ಎಂದಷ್ಟೇ ಅರ್ಥ.

ಮೆಟ್ಟಿಲು ಹತ್ತಿದ ಬಗೆ

ಸೇಂಟ್ ಜೋಸೆಫ್ಸ್ ಕಾಲೇಜು 1882ರಲ್ಲಿ ಶುರುವಾದಾಗ ಅದನ್ನು ನಡೆಸುತ್ತಿದ್ದವರು ಪ್ಯಾರಿಸ್ ವಿದೇಶಿ ಮಿಷನ್ನಿನ ಫ್ರೆಂಚ್ ಪಾದ್ರಿಗಳು. ಪರೀಕ್ಷೆ, ಪದವಿ ಎಲ್ಲ ಮದ್ರಾಸ್ ವಿಶ್ವವಿದ್ಯಾಲಯದ್ದು. 1937ರಲ್ಲಿ ಸಂಸ್ಥೆ ಜೆಸ್ವಿಟರ ಕೈಗೆ ಬಂತು. ಮುಂದೆ ಮೈಸೂರು, 1964ರ ನಂತರ ಬೆಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿ ಅದು ಸಂಯೋಜಿತ ಕಾಲೇಜಾಗಿತ್ತು. ಅಂದರೆ ಪಾಠ ಮಾಡುವವರು ಇಲ್ಲಿ, ಪಠ್ಯಕ್ರಮ ಬರೆಯುವವರು, ಪ್ರಶ್ನೆಪತ್ರಿಕೆ ತೆಗೆಯುವವರು, ಸಹಿ ಹಾಕುವವರು ಬೇರೆಡೆ.

1986ರಲ್ಲಿ ಸ್ನಾತಕೋತ್ತರ ಕೋರ್ಸು ಬಂತು. ರಾಜ್ಯದಲ್ಲಿ ಸಂಯೋಜಿತ ಕಾಲೇಜೊಂದಕ್ಕೆ ಅದು ಮೊದಲ ಸಲ. 1988ರಲ್ಲಿ ಸಂಶೋಧನಾ ಕೇಂದ್ರ ದೊರೆಯಿತು. 2005ರಲ್ಲಿ ಸ್ವಾಯತ್ತತೆ ಸಿಕ್ಕಿತು. ಈ ಕೊನೆಯ ಹೆಜ್ಜೆಯೇ ಎಲ್ಲಕ್ಕಿಂತ ಮುಖ್ಯ. ಸ್ವಾಯತ್ತ ಕಾಲೇಜು ತನ್ನದೇ ಅಧ್ಯಯನ ಮಂಡಳಿ ರಚಿಸಿ ಪಠ್ಯಕ್ರಮ ಬರೆಯುತ್ತದೆ. ಆ ಮಂಡಳಿಯಲ್ಲಿ ಮಾತೃ ವಿ.ವಿ.ಯ ಪ್ರತಿನಿಧಿ ಇರುತ್ತಾರೆ. ವಿದ್ಯಾವಿಷಯಕ ಪರಿಷತ್ತು ಅದಕ್ಕೆ ಒಪ್ಪಿಗೆ ಕೊಡುತ್ತದೆ. ಪರೀಕ್ಷಾ ನಿಯಂತ್ರಕರ ಕಚೇರಿ ಪ್ರಶ್ನೆಪತ್ರಿಕೆ ತೆಗೆಸುತ್ತದೆ, ಉತ್ತರಪತ್ರಿಕೆಗಳಿಗೆ ಕೋಡ್ ಹಾಕಿಸುತ್ತದೆ, ಮೌಲ್ಯಮಾಪನ ಮಾಡಿಸಿ ಫಲಿತಾಂಶ ಕೊಡುತ್ತದೆ. ಪದವಿ ಪ್ರಮಾಣಪತ್ರ ಮಾತ್ರ ಮಾತೃ ವಿ.ವಿ.ಯದು.

ಜೋಸೆಫ್ಸ್ ಈ ಕೆಲಸವನ್ನು ಹದಿನೈದು ವರ್ಷಕ್ಕೂ ಮಿಕ್ಕಿ ಮಾಡಿತು. 2021ರಲ್ಲಿ ರಾಜ್ಯ ಶಾಸನಸಭೆ ಅದಕ್ಕೆ ಪ್ರತ್ಯೇಕ ಕಾಯ್ದೆ ಒಪ್ಪಿದಾಗ ಆಡಳಿತದ ಯಂತ್ರ ಆಗಲೇ ಓಡುತ್ತಿತ್ತು, ಹೊಸದಾಗಿ ಬೇಕಾಗಿದ್ದು ಮೊಹರು. ಉನ್ನತ ಶಿಕ್ಷಣಕ್ಕೆ ಹಣ ಕೊಡುವ ಕೇಂದ್ರದ ರೂಸಾ ಯೋಜನೆಯ ನೆರವಿನಿಂದ ಮೇಲ್ದರ್ಜೆಗೇರಿದ ಇದು ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವದ ದೇಶದ ಮೊದಲ ವಿ.ವಿ. ಎನ್ನಿಸಿಕೊಂಡಿತು.

ಮಂಗಳೂರಿನ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಇಟಲಿಯ ಜೆಸ್ವಿಟರು ಆರಂಭಿಸಿದರು. 2007ರಲ್ಲಿ ಸ್ವಾಯತ್ತ, 2024ರಲ್ಲಿ ಡೀಮ್ಡ್. ಬೆಂಗಳೂರಿನ ಕ್ರೈಸ್ಟ್ ಕಾಲೇಜು ಜೆಸ್ವಿಟರದ್ದಲ್ಲ, ಕೇರಳ ಮೂಲದ ಸಿಎಂಐ ಸಂಘದ್ದು. 1969ರಲ್ಲಿ ಆರಂಭ, 2004ರಲ್ಲಿ ಸ್ವಾಯತ್ತ, 2008ರಲ್ಲಿ ಡೀಮ್ಡ್. ಮೂರರಲ್ಲೂ ಒಂದು ಕ್ರಮ ಕಾಣುತ್ತದೆ: ಮೊದಲು ಪರೀಕ್ಷೆ ನಡೆಸಲು ಕಲಿತರು, ಆಮೇಲೆ ಪದವಿ ಕೊಡಲು ಅನುಮತಿ ಪಡೆದರು.

ಡೀಮ್ಡ್ ಎಂದರೆ ಅರೆಬರೆಯೇ?

ಡೀಮ್ಡ್ ಎಂಬ ಮಾತಿಗೆ ನಮ್ಮಲ್ಲಿ ಸ್ವಲ್ಪ ಅನುಮಾನದ ವಾಸನೆ ಅಂಟಿದೆ. 1958ರಲ್ಲಿ ಆ ಮನ್ನಣೆ ಪಡೆದ ಸಂಸ್ಥೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಎಂಬುದನ್ನು ನೆನೆದರೆ ಅನುಮಾನಕ್ಕೆ ಎಡೆಯಿಲ್ಲ. ಕಾನೂನಿನ ಕಣ್ಣಲ್ಲಿ ಪದವಿಯ ತೂಕ ಒಂದೇ. ಸಂಸ್ಥೆಗಳ ಗುಣಮಟ್ಟದಲ್ಲಿ ಅಂತರ ಇದೆ, ಅದು ಸರ್ಕಾರಿ ವಿ.ವಿ.ಗಳಲ್ಲೂ ಇದೆ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಇಂಥ ಸಂಸ್ಥೆಗಳು ಬರೀ 'ವಿಶ್ವವಿದ್ಯಾಲಯ' ಎಂದು ಬರೆದುಕೊಳ್ಳುವಂತಿಲ್ಲ, ಹೆಸರಿನ ಮುಂದೆ ಡೀಮ್ಡ್ ಎಂದು ಕಾಣಿಸಲೇಬೇಕು. ಕ್ರೈಸ್ಟ್‌ನ ಹೆಸರು ಬದಲಾದಂತೆ ಕಂಡದ್ದು ಇದರಿಂದ.

2023ರ ಜೂನ್‌ನಲ್ಲಿ ಬಂದ ಯುಜಿಸಿ ನಿಯಮಾವಳಿ ಈ ಬಾಗಿಲಿನ ಅಳತೆ ಬದಲಿಸಿತು. ಮೊದಲು ಸಂಸ್ಥೆಗೆ 20 ವರ್ಷ ವಯಸ್ಸಾಗಿರಬೇಕಿತ್ತು. ಈಗ ವಯಸ್ಸಿನ ಬದಲು ಗುಣಮಟ್ಟದ ದಾಖಲೆ ಕೇಳುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಸತತ ಮೂರು ಸುತ್ತು 'ಎ' ದರ್ಜೆ ಮತ್ತು ಕನಿಷ್ಠ 3.01 ಅಂಕ ಇರಬೇಕು, ಇಲ್ಲವೇ ತಾಂತ್ರಿಕ, ವೃತ್ತಿಪರ ಕೋರ್ಸುಗಳನ್ನು ಅಳೆಯುವ ಎನ್‌ಬಿಎ ಮಾನ್ಯತೆಯಲ್ಲಿ ಅಂಥದೇ ಸಾಧನೆ ಇರಬೇಕು, ಇಲ್ಲವೇ ಕೇಂದ್ರ ಸರ್ಕಾರದ ರ್‍ಯಾಂಕಿಂಗ್ ಆದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಸತತ ಮೂರು ವರ್ಷ ಮೇಲಿನ ಸ್ಥಾನ ಇರಬೇಕು. ಅಧ್ಯಾಪಕರ ಕನಿಷ್ಠ ಸಂಖ್ಯೆ 100ರಿಂದ 150ಕ್ಕೆ, ಖಾಸಗಿ ಸಂಸ್ಥೆಗಳು ಇಡಬೇಕಾದ ಮೂಲನಿಧಿ 10 ಕೋಟಿಯಿಂದ 25 ಕೋಟಿ ರೂಪಾಯಿಗೆ ಏರಿತು. ಜಿಲ್ಲಾ ಕೇಂದ್ರದ ಸಾಧಾರಣ ಪದವಿ ಕಾಲೇಜಿಗೆ ಇದರಲ್ಲಿ ಅತಿ ಕಷ್ಟದ್ದು ಅಧ್ಯಾಪಕರ ಸಂಖ್ಯೆ. ಕಟ್ಟಡವನ್ನು ಸಾಲ ಮಾಡಿ ಕಟ್ಟಬಹುದು, 150 ಮಂದಿ ಅರ್ಹ ಅಧ್ಯಾಪಕರ ಸಂಬಳವನ್ನು ಪ್ರತಿ ತಿಂಗಳು ಕೊಡಬೇಕಾಗುತ್ತದೆ.

ಹುಬ್ಬಳ್ಳಿ-ಧಾರವಾಡ ಈ ದಾರಿ ನೋಡಿದೆ

ಇದೆಲ್ಲ ಬೆಂಗಳೂರು, ಮಂಗಳೂರಿನ ಕಥೆ ಎಂದುಕೊಳ್ಳಬೇಕಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಲ್ಲಿ ಹುಟ್ಟಿದ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ 2015ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ.ಯಿಂದ (ವಿಟಿಯು) ಹೊರಬಂತು. ಅದಕ್ಕೂ ಮೊದಲು ಅದು ಸ್ವಾಯತ್ತ ಕಾಲೇಜು. ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಆವರಣ 2018ರಲ್ಲಿ ಖಾಸಗಿ ವಿ.ವಿ. ಆಯಿತು. ನಡೆಸುವವರ ಧರ್ಮ ಬೇರೆ, ದಾರಿ ಅದೇ. ಬಿವಿಬಿಯ ಬದಲಾವಣೆಯನ್ನು ಸಹಜವಾಗಿ ತೆಗೆದುಕೊಂಡ ಊರಿಗೆ ಜೋಸೆಫ್ಸ್‌ನ ಬದಲಾವಣೆಯೂ ಅರ್ಥವಾಗಬೇಕು.

ಈ ಭಾಗದಲ್ಲಿ 'ಮಿಷನ್' ಎಂದೊಡನೆ ನೆನಪಾಗುವುದು ಬಾಸೆಲ್ ಮಿಷನ್. 1837ರಲ್ಲಿ ಅವರು ಧಾರವಾಡಕ್ಕೆ ಬಂದರು, ಬೆಟಗೇರಿಯಲ್ಲೂ ನೆಲೆ ಮಾಡಿದರು. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದು ಅದೇ ಪರಂಪರೆಯಿಂದ. ಆದರೆ ಅವರು ಪ್ರೊಟೆಸ್ಟಂಟರು, ಕಥೋಲಿಕ ಸಂಘಗಳಿಗೂ ಅವರಿಗೂ ಆಡಳಿತದ ನಂಟಿಲ್ಲ. ಧಾರವಾಡ, ಗದಗ, ಹಾವೇರಿಯ ಕಥೋಲಿಕರು ಬರುವುದು ಬೆಳಗಾವಿ ಧರ್ಮಪ್ರಾಂತ್ಯದಡಿ. ಅದು ರಚನೆಯಾದದ್ದೇ 1953ರಲ್ಲಿ.

ಅಷ್ಟರೊಳಗೆ ಇಲ್ಲಿನ ಉನ್ನತ ಶಿಕ್ಷಣದ ನೆಲ ಬೇರೆಯವರಿಂದ ಹದಗೊಂಡಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಹಣ ಕೂಡಿಸಿ ಬೆನ್ನುಹತ್ತಿದ ಫಲವಾಗಿ 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಹುಟ್ಟಿತು. 1949ರ ಕಾಯ್ದೆಯಿಂದ ಕರ್ನಾಟಕ ವಿಶ್ವವಿದ್ಯಾಲಯ ಬಂತು. ಹೀಗಾಗಿ ಇಲ್ಲಿ ಕಥೋಲಿಕ ಸಂಸ್ಥೆಗಳ ಗುರುತು ಹೆಚ್ಚಾಗಿ ಪ್ರೌಢಶಾಲೆಗಳ ಮಟ್ಟದಲ್ಲಿ ಉಳಿಯಿತು. ಆ ಶಾಲೆಗಳಿಂದ ಬಂದ ಮಕ್ಕಳು ಮುಂದೆ ಧಾರವಾಡದ ಕರ್ನಾಟಕ ಕಾಲೇಜಿಗೋ ಹುಬ್ಬಳ್ಳಿಯ ಜಾಬಿನ್ ಕಾಲೇಜಿಗೋ ಹೋದರು, ಇಲ್ಲವೇ ಬೆಂಗಳೂರಿನ ರೈಲು ಹತ್ತಿದರು.

ಹಕ್ಕಿನ ವಾದ, ಅದಕ್ಕೆ ಪ್ರತಿವಾದ

ಸಂವಿಧಾನದ 30(1)ನೇ ವಿಧಿ ಧಾರ್ಮಿಕ, ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆ ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ. ಸಂಯೋಜನೆ ಕೊಡುತ್ತೇವೆ ಎಂಬ ನೆಪದಲ್ಲಿ ವಿ.ವಿ.ಗಳು ಆ ಆಡಳಿತದಲ್ಲಿ ಎಷ್ಟು ಕೈಹಾಕಬಹುದು? 1974ರಲ್ಲಿ ಅಹಮದಾಬಾದಿನ ಜೆಸ್ವಿಟ್ ಸಂಸ್ಥೆಯಾದ ಸೇಂಟ್ ಜೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಇದನ್ನೇ ಪರಿಶೀಲಿಸಿದರು. ಗುಣಮಟ್ಟ ಕಾಯಲು ನಿಯಮ ಮಾಡಬಹುದು, ಆಡಳಿತವನ್ನೇ ಕಿತ್ತುಕೊಳ್ಳುವಂಥ ಷರತ್ತು ಹಾಕುವಂತಿಲ್ಲ ಎಂಬುದು ಅದರ ತಿರುಳು. 2002ರಲ್ಲಿ ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳ ಹಕ್ಕನ್ನು ಇನ್ನಷ್ಟು ವಿಸ್ತರಿಸಿತು.

ಸೀಟಿನ ವಿಷಯ ಇದರ ಮುಂದುವರಿಕೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಖಾಸಗಿ ಕಾಲೇಜುಗಳಲ್ಲೂ ಮೀಸಲಾತಿ ತರಲು ಅವಕಾಶ ಕೊಟ್ಟ 15(5)ನೇ ವಿಧಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಹೊರಗಿಡುತ್ತದೆ. ಹಾಗೆಂದು ಅಲ್ಲಿ ಬೇರೆಯವರಿಗೆ ಬಾಗಿಲು ಮುಚ್ಚಿದೆ ಎಂದಲ್ಲ. ಸರ್ಕಾರದ ಅನುದಾನ ಪಡೆಯುವ ಸಂಸ್ಥೆ ಕೇವಲ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ ಎಂದು 29(2) ಹೇಳುತ್ತದೆ. ಧರ್ಮಬೋಧೆಯ ತರಗತಿಗೆ ಒಪ್ಪಿಗೆ ಇಲ್ಲದೆ ಯಾರನ್ನೂ ಕೂರಿಸುವಂತಿಲ್ಲ ಎಂದು 28(3) ಹೇಳುತ್ತದೆ.

ಟೀಕಾಕಾರರ ಮಾತಿನಲ್ಲೂ ಹುರುಳಿದೆ. ಸಾರ್ವಜನಿಕ ಹಣದಿಂದ, ಅನುದಾನಿತ ಅಧ್ಯಾಪಕರಿಂದ ಬೆಳೆದ ಸಂಸ್ಥೆ ತನ್ನದೇ ವಿ.ವಿ. ಆದ ಮೇಲೆ ಮೀಸಲಾತಿಯ ಹೊಣೆಯಿಂದ ದೂರ ಸರಿದರೆ ಅದು ನ್ಯಾಯವೇ ಎಂದು ಅವರು ಕೇಳುತ್ತಾರೆ. ಸಂಸ್ಥೆಗಳ ಉತ್ತರ: ಬಡವರಿಗೆ, ದಲಿತರಿಗೆ ನಾವೇ ಸೀಟು, ಶುಲ್ಕ ರಿಯಾಯಿತಿ ಇಡುತ್ತೇವೆ. ಈ ಉತ್ತರ ಪ್ರಾಮಾಣಿಕವಾಗಿದ್ದರೂ ಸಾಲದು. ಸ್ವಇಚ್ಛೆಯಿಂದ ಕೊಟ್ಟದ್ದನ್ನು ಸ್ವಇಚ್ಛೆಯಿಂದ ನಿಲ್ಲಿಸಬಹುದು. ಪ್ರತಿ ವರ್ಷ ಯಾವ ವರ್ಗಕ್ಕೆ ಎಷ್ಟು ಸೀಟು ಹೋಯಿತು ಎಂದು ಪ್ರಕಟಿಸುವುದು ಈ ವಾದಕ್ಕೆ ಕನಿಷ್ಠ ಪುರಾವೆ.

ಇದಕ್ಕೆ 2024ರ ನವೆಂಬರ್ 8ರಂದು ಹೊಸ ತಿರುವು ಸಿಕ್ಕಿತು. ಶಾಸನದ ಮೂಲಕ ರಚನೆಯಾದ ವಿ.ವಿ.ಗೆ ಅಲ್ಪಸಂಖ್ಯಾತ ಸ್ವರೂಪ ಇರಲಾರದು ಎಂಬ 1967ರ ನಿಲುವನ್ನು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3 ಬಹುಮತದಿಂದ ತಳ್ಳಿಹಾಕಿತು. ಸಂಸ್ಥೆಯ ಹಿಂದಿನ ಆಲೋಚನೆ ಯಾರದು, ಹಣ ಹಾಕಿದವರು ಯಾರು, ಯಾರಿಗಾಗಿ ಕಟ್ಟಿದರು ಎಂಬುದನ್ನು ನೋಡಬೇಕು ಎಂದಿತು. ಅಲಿಗಢದ ಸ್ವರೂಪವನ್ನು ತೀರ್ಮಾನಿಸುವ ಕೆಲಸವನ್ನು ಬೇರೆ ಪೀಠಕ್ಕೆ ಬಿಟ್ಟಿತು. ರಾಜ್ಯದ ಕಾಯ್ದೆಯಿಂದ ಹುಟ್ಟಿದ ಕಥೋಲಿಕ ವಿ.ವಿ.ಗಳೂ ಮುಂದೆ ಇದೇ ಅಳತೆಗೋಲಿಗೆ ಬರುವ ಸಾಧ್ಯತೆ ದೊಡ್ಡದು.

ಆವರಣದೊಳಗಿನ ಓದು

ಅಲೋಶಿಯಸ್ ಆವರಣಕ್ಕೆ ಹೋದವರು ಮೊದಲು ನೋಡುವುದು ಪ್ರಾರ್ಥನಾಲಯ. ಇಟಲಿಯ ಜೆಸ್ವಿಟ್ ಕಲಾವಿದ ಅಂತೋನಿಯೊ ಮೊಸ್ಕೇನಿ 1899ರಿಂದ ಅದರ ಗೋಡೆ, ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದರು. ಅದೇ ಗುಡ್ಡದ ಮೇಲೆ ಹಳೆಯ ವಸ್ತುಸಂಗ್ರಹಾಲಯವಿದೆ, 107.8ರಲ್ಲಿ ಕೇಳಿಸುವ ಸಮುದಾಯ ಬಾನುಲಿ 'ಸಾರಂಗ್' ಇದೆ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಜೋಸೆಫ್ಸ್ ಆವರಣ ನಗರದ ನಡುವೆ ಇಕ್ಕಟ್ಟಿನದು, ಧಾರವಾಡದ ಪಾವಟೆನಗರದ ಗುಡ್ಡದ ಮೇಲೆ ಹರಡಿಕೊಂಡ ಕರ್ನಾಟಕ ವಿಶ್ವವಿದ್ಯಾಲಯದ (ಕವಿವಿ) ಆವರಣ ಕಂಡವರಿಗೆ ಚಿಕ್ಕದೆನಿಸೀತು. ಅದರ ಲ್ಯಾಟಿನ್ ಧ್ಯೇಯವಾಕ್ಯ 'ಫೀದೆ ಎತ್ ಲಬೋರೆ', ಅಂದರೆ ಶ್ರದ್ಧೆ ಮತ್ತು ದುಡಿಮೆ. ಕಾಯಕದ ಮಾತು ಕೇಳಿ ಬೆಳೆದ ನಾಡಿಗೆ ಅದು ಪರಕೀಯವಲ್ಲ.

ಓದಿನ ಲಯದಲ್ಲಿ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಮೊದಲೇ ತಿಳಿದಿರಬೇಕು. ನೂರಾರು ಕಾಲೇಜುಗಳಿಗೆ ಒಂದೇ ಪ್ರಶ್ನೆಪತ್ರಿಕೆ ಕಳಿಸುವ ವಿ.ವಿ.ಯಲ್ಲಿ ಕೊನೆಯ ಪರೀಕ್ಷೆಯೇ ದೊಡ್ಡದು. ಹಿಂದಿನ ವರ್ಷಗಳ ಪ್ರಶ್ನೆಗಳನ್ನು ಉರು ಹೊಡೆದು ಪಾಸಾಗುವ ದಾರಿ ಅಲ್ಲಿ ತೆರೆದಿರುತ್ತದೆ. ಪಾಠ ಮಾಡಿದವರೇ ಪರೀಕ್ಷೆಯನ್ನೂ ನಡೆಸುವ ಸಂಸ್ಥೆಯಲ್ಲಿ ಸೆಮಿಸ್ಟರ್ ತುಂಬಾ ಕಿರುಪರೀಕ್ಷೆ, ಸೆಮಿನಾರು, ಬರಹ, ಪ್ರಯೋಗಾಲಯದ ದಾಖಲೆ ಎಂದು ಅಂಕ ಹಂಚಿರುತ್ತದೆ. ಹಾಜರಿ ಕಟ್ಟುನಿಟ್ಟು. ಸಮಾಜಸೇವೆಯ ಗಂಟೆಗಳೂ ಲೆಕ್ಕಕ್ಕೆ ಬರುವುದುಂಟು. ಕನ್ನಡ ಮಾಧ್ಯಮದಿಂದ ಹೋದವರು ಎಡವುವುದು ಹೆಚ್ಚಾಗಿ ಮೊದಲ ಸೆಮಿಸ್ಟರಿನಲ್ಲಿ, ಅದೂ ಇಂಗ್ಲಿಷಿನ ಬರಹದ ಕೆಲಸದಲ್ಲಿ. ಕೊನೆಯಲ್ಲಿ ಒಟ್ಟಿಗೆ ಓದಿಕೊಳ್ಳುತ್ತೇನೆ ಎಂದು ಕೂತರೆ ಒಳಅಂಕ ಆಗಲೇ ಕೈತಪ್ಪಿರುತ್ತದೆ.

ಈ ಪದ್ಧತಿಗೆ ಅದರದೇ ಅಪಾಯವೂ ಇದೆ. ಅಂಕ ಕೊಡುವವರು, ಹಾಜರಿ ಹಾಕುವವರು, ದೂರು ಕೇಳುವವರು ಎಲ್ಲ ಒಂದೇ ಮನೆಯವರಾದರೆ ವಿದ್ಯಾರ್ಥಿಗೆ ಹೊರಗಿನ ಆಸರೆ ಇರುವುದಿಲ್ಲ. ಸಂಯೋಜಿತ ಕಾಲೇಜಿನ ವಿದ್ಯಾರ್ಥಿ ಮೌಲ್ಯಮಾಪನ ಕುಲಸಚಿವರ ಬಳಿ ಹೋಗಬಹುದು, ಅವರು ಕಾಲೇಜಿನ ಹೊರಗಿನವರು. ಇಲ್ಲಿ ಮರುಮೌಲ್ಯಮಾಪನಕ್ಕೆ ಹೊರ ಪರೀಕ್ಷಕರಿದ್ದಾರೆಯೇ, ದೂರು ಕೇಳುವ ಸ್ವತಂತ್ರ ಅಧಿಕಾರಿಯಾದ ಒಂಬುಡ್ಸ್‌ಮನ್ ಇದ್ದಾರೆಯೇ ಎಂಬುದನ್ನು ಕೈಪಿಡಿಯಲ್ಲೇ ಹುಡುಕಬೇಕು.

ಮೂರು ವರ್ಷವೋ ನಾಲ್ಕು ವರ್ಷವೋ

ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ತಂದಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ, 2024ರ ಮೇ ತಿಂಗಳ ಆದೇಶದಿಂದ 2024-25ರಲ್ಲಿ ಮೂರು ವರ್ಷಕ್ಕೆ ಮರಳಿತು. ಆ ಆದೇಶ ನಡೆಯುವುದು ರಾಜ್ಯದ ಸರ್ಕಾರಿ ವಿ.ವಿ.ಗಳಲ್ಲಿ. ಡೀಮ್ಡ್ ಸಂಸ್ಥೆಗಳು ನೋಡುವುದು ಯುಜಿಸಿಯ ಚೌಕಟ್ಟನ್ನು. ಅದರಂತೆ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ), ನಾಲ್ಕು ವರ್ಷಕ್ಕೆ 160. ಮೂರನೇ ವರ್ಷದ ಕೊನೆಗೆ ಪದವಿ ಪಡೆದು ಹೊರಬರಲು ಅವಕಾಶವಿದೆ.

ನಾಲ್ಕು ವರ್ಷ ಮುಗಿಸಿದವರಿಗೆ ಒಂದು ವರ್ಷದ ಸ್ನಾತಕೋತ್ತರ ಪದವಿ ಸಾಕು ಎಂಬುದು ಯುಜಿಸಿಯ ಲೆಕ್ಕ. ಆದರೆ ಅಂಥವರು ಎಂ.ಎ.ಗೆ ಧಾರವಾಡಕ್ಕೆ ಮರಳಬೇಕೆಂದರೆ, ಇಲ್ಲಿ ಆ ವಿಷಯದಲ್ಲಿ ಒಂದು ವರ್ಷದ ಕೋರ್ಸು ಇದ್ದರೆ ಮಾತ್ರ ಲಾಭ. ಇಲ್ಲದಿದ್ದರೆ ಒಟ್ಟು ಆರು ವರ್ಷ ಆಗುತ್ತದೆ. ಒಂದು ವರ್ಷದ ಶುಲ್ಕ, ಬೆಂಗಳೂರಿನ ಬಾಡಿಗೆ, ಊಟದ ಖರ್ಚು ರೈತ ಕುಟುಂಬಕ್ಕೆ ಸಣ್ಣದಲ್ಲ. ನಾಲ್ಕನೇ ವರ್ಷಕ್ಕೆ ಹೆಸರು ಹಚ್ಚುವ ಮುನ್ನವೇ ಇದನ್ನು ಕೇಳಿಕೊಳ್ಳಬೇಕು.

ಅರ್ಜಿ ಹಾಕುವಾಗ ನೋಡಬೇಕಾದ್ದು

ಮೊದಲು ಯುಜಿಸಿಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ನೋಡಿ. ಕೋರ್ಸಿನ ಹೆಸರಿಗಿಂತ ಕೊನೆಗೆ ಸಿಗುವ ಪದವಿಯ ಹೆಸರು ಮುಖ್ಯ, ಅದು ಸೆಕ್ಷನ್ 22ರಡಿ ಯುಜಿಸಿ ಸೂಚಿಸಿದ ಪದವಿಯಾಗಿರಬೇಕು. ಬಿ.ಎಡ್. ಆದರೆ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ (ಎನ್‌ಸಿಟಿಇ), ಕಾನೂನು ಆದರೆ ವಕೀಲರ ಪರಿಷತ್ತು, ಹೀಗೆ ಪ್ರತ್ಯೇಕ ಒಪ್ಪಿಗೆ ಬೇಕಾದ ಕೋರ್ಸುಗಳೂ ಇವೆ.

ರಾಜ್ಯದ ಸರ್ಕಾರಿ ವಿ.ವಿ.ಗಳ ಪದವಿ ಪ್ರವೇಶ ಅವೆಲ್ಲಕ್ಕೂ ಒಂದೇ ಆದ ಯುಯುಸಿಎಂಎಸ್ ಪೋರ್ಟಲಿನಲ್ಲಿ ನಡೆಯುತ್ತದೆ, ಡೀಮ್ಡ್ ಸಂಸ್ಥೆಗಳಿಗೆ ಅವುಗಳದೇ ಅರ್ಜಿ, ಅವುಗಳದೇ ಪ್ರವೇಶ ಪರೀಕ್ಷೆ, ಸಂದರ್ಶನ. ಅವುಗಳ ದಿನಾಂಕ ದ್ವಿತೀಯ ಪಿಯು ಫಲಿತಾಂಶಕ್ಕಿಂತ ಮುಂಚೆಯೇ ಮುಗಿದುಹೋಗುವುದುಂಟು. ನಮ್ಮ ಜಿಲ್ಲೆಗಳ ಮಕ್ಕಳು ತಪ್ಪಿಸಿಕೊಳ್ಳುವುದು ಇಲ್ಲೇ.

ವಿದ್ಯಾರ್ಥಿವೇತನದ ವಿಷಯದಲ್ಲಿ ಬಾಯಿಮಾತನ್ನು ನಂಬಬೇಡಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಆ ಸಂಸ್ಥೆಯ ಹೆಸರೂ ಆ ಕೋರ್ಸೂ ಕಾಣಿಸಬೇಕು. ಸಂಸ್ಥೆ ಸಂಯೋಜಿತ ಕಾಲೇಜಾಗಿದ್ದಾಗ ಇದ್ದ ನಮೂದು ವಿ.ವಿ. ಆದ ಮೇಲೆ ಹೊಸ ಹೆಸರಿನಲ್ಲಿ ಆಗಬೇಕಾಗುತ್ತದೆ, ಆ ನಡುವಿನ ವರ್ಷದಲ್ಲಿ ಹಣ ಸಿಕ್ಕಿಹಾಕಿಕೊಳ್ಳಬಹುದು. ಪಿಯು ಮಂಡಳಿಯಿಂದ ಮೈಗ್ರೇಷನ್ ಸರ್ಟಿಫಿಕೇಟ್ ಬೇಕೇ ಎಂದು ಕೇಳಿ. ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಯ ಗುರುತುಸಂಖ್ಯೆಯಲ್ಲಿ ಆಧಾರ್‌ನಲ್ಲಿರುವ ಹೆಸರೇ ಇರಲಿ. ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ ಎಂಬಂಥ ಅದಲುಬದಲು ನಮ್ಮ ಕಡೆ ಸಾಮಾನ್ಯ, ಅದರಿಂದ ಕ್ರೆಡಿಟ್ ಜಮಾ ಆಗದೆ ನಿಲ್ಲುತ್ತದೆ.

ಹಾವೇರಿಗೆ ಏನು ಕೊರತೆಯಾಯಿತು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಾವೇರಿ ವಿ.ವಿ. ಹುಟ್ಟಿದ್ದು ಕವಿವಿಯ ಸ್ನಾತಕೋತ್ತರ ಕೇಂದ್ರವೊಂದರಿಂದ. ಅದಕ್ಕೆ ಸ್ವಂತವಾಗಿ ಪರೀಕ್ಷೆ ನಡೆಸಿದ ಅನುಭವ ಇರಲಿಲ್ಲ. ಮೊದಲ ದಿನದಿಂದಲೇ ಜಿಲ್ಲೆಯ ಕಾಲೇಜುಗಳ ಸಂಯೋಜನೆ, ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಫಲಿತಾಂಶದ ಹೊಣೆ ಹೆಗಲಿಗೆ ಬಂತು. ಜೋಸೆಫ್ಸ್ ಹೊತ್ತದ್ದು ತನ್ನ ವಿದ್ಯಾರ್ಥಿಗಳ ಹೊರೆ, ಹಾವೇರಿ ಹೊತ್ತದ್ದು ಊರೂರಿನ ಕಾಲೇಜುಗಳ ಹೊರೆ. ಕಾಯಂ ಅಧ್ಯಾಪಕರು ಕಡಿಮೆ ಇರುವಲ್ಲಿ ಅತಿಥಿ ಉಪನ್ಯಾಸಕರನ್ನು ನೆಚ್ಚಿ ಅಧ್ಯಯನ ಮಂಡಳಿ ನಡೆಸುವುದು ಕಷ್ಟ.

ಆದರೆ ಅನುಭವವೊಂದೇ ಕಾರಣ ಎನ್ನುವಂತಿಲ್ಲ. ಮಂಡ್ಯದ ಸರ್ಕಾರಿ ಕಾಲೇಜು ಸ್ವಾಯತ್ತವಾಗಿತ್ತು, ಅದೂ ವಿ.ವಿ. ಆಗಿ ಮೇಲೇರಿತು. ಅದೂ ಆ ಒಂಬತ್ತರ ಪಟ್ಟಿಯಲ್ಲಿತ್ತು. ಅಂದರೆ ಮೆಟ್ಟಿಲು ಹತ್ತಿದ ಮೇಲೂ ವರ್ಷ ವರ್ಷ ಹಣ ಹಾಕುವವರು ಬೇಕು. ಕಥೋಲಿಕ ಸಂಸ್ಥೆಗಳಿಗೆ ಆ ಹಣ ಶುಲ್ಕದಿಂದ, ಸಂಘದ ಆಸ್ತಿಯಿಂದ, ಹಳೆಯ ವಿದ್ಯಾರ್ಥಿಗಳಿಂದ ಬರುತ್ತದೆ. ಪಾದ್ರಿಗಳು, ಸಿಸ್ಟರುಗಳು ಆಡಳಿತದ ಕೆಲಸ ಮಾಡುವುದರಿಂದ ಖರ್ಚೂ ಸ್ವಲ್ಪ ಉಳಿಯುತ್ತದೆ. ಸರ್ಕಾರಿ ವಿ.ವಿ.ಗೆ ಬಜೆಟ್ಟೇ ಗತಿ. ಹಾವೇರಿಯ ರೈತನ ಮಗಳು ಕಡಿಮೆ ಶುಲ್ಕದಲ್ಲಿ ಊರ ಹತ್ತಿರ ಎಂ.ಕಾಂ. ಓದುವ ಅವಕಾಶಕ್ಕೆ ಯಾವ ಖಾಸಗಿ ವಿ.ವಿ.ಯೂ ಬದಲಿಯಾಗಲಾರದು. ಅದನ್ನು ನಷ್ಟದ ಬಾಬತ್ತೆಂದು ಬರೆಯುವುದು ತಪ್ಪು ಲೆಕ್ಕ.

ಕವಿವಿಯ ಮೇಲೆ ಬೀಳುವ ಭಾರ

ಈ ಚರ್ಚೆಯಲ್ಲಿ ಯಾರೂ ಹೆಚ್ಚು ಮಾತಾಡದ ಭಾಗ ಇದು. ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿ ಒಂದು ಕಾಲಕ್ಕೆ ಉತ್ತರ ಕರ್ನಾಟಕದುದ್ದಕ್ಕೂ ಹರಡಿತ್ತು. 1980ರಲ್ಲಿ ಗುಲಬರ್ಗಾ, 2003ರಲ್ಲಿ ವಿಜಯಪುರದ ಮಹಿಳಾ ವಿ.ವಿ., 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ, ಆಮೇಲೆ ಹಾವೇರಿ ಬೇರೆಯಾದವು. ಪ್ರತಿ ಸಲ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕದ ಆದಾಯ ಕಡಿಮೆಯಾಯಿತು. ಹಳೆಯ ನೌಕರರ ಪಿಂಚಣಿಯ ಹೊರೆ ಅಲ್ಲೇ ಉಳಿಯಿತು.

ನಾಳೆ ಹುಬ್ಬಳ್ಳಿ-ಧಾರವಾಡದ ಗಟ್ಟಿ ಸ್ವಾಯತ್ತ ಕಾಲೇಜುಗಳೂ ಡೀಮ್ಡ್ ಇಲ್ಲವೇ ಖಾಸಗಿ ವಿ.ವಿ. ಆಗಿ ಹೊರಟರೆ ಹೋಗುವುದು ಬರೀ ಹಣವಲ್ಲ. ಅಧ್ಯಯನ ಮಂಡಳಿಯಲ್ಲಿ ಪಠ್ಯ ಬರೆಯುವವರು, ಪ್ರಶ್ನೆಪತ್ರಿಕೆ ತೆಗೆಯುವವರು, ಮೌಲ್ಯಮಾಪನ ಕೇಂದ್ರದಲ್ಲಿ ವಾರಗಟ್ಟಲೆ ಕೂತು ಉತ್ತರಪತ್ರಿಕೆ ತಿದ್ದುವವರು ಬಹುಪಾಲು ಇಂಥ ದೊಡ್ಡ ಕಾಲೇಜುಗಳ ಕಾಯಂ ಅಧ್ಯಾಪಕರು. ಅವರು ಹೊರಹೋದ ಮೇಲೆ ರೋಣ, ಶಿರಹಟ್ಟಿ, ಹಾನಗಲ್ಲಿನ ಚಿಕ್ಕ ಕಾಲೇಜುಗಳ ಉತ್ತರಪತ್ರಿಕೆ ತಿದ್ದಲು ಕೈ ಸಾಲುವುದಿಲ್ಲ. ಫಲಿತಾಂಶ ತಡವಾಗುತ್ತದೆ. ಫಲಿತಾಂಶ ತಡವಾದರೆ ಬೇರೆ ವಿ.ವಿ.ಯ ಸ್ನಾತಕೋತ್ತರ ಪ್ರವೇಶದ ಗಡುವು ದಾಟುತ್ತದೆ. ಅನುಕೂಲವಿದ್ದವರು ಮುಂದಿನ ವರ್ಷ ಮಕ್ಕಳನ್ನು ಬೇರೆಡೆ ಸೇರಿಸುತ್ತಾರೆ, ಚಿಕ್ಕ ಕಾಲೇಜಿನ ಸಂಖ್ಯೆ ಇಳಿಯುತ್ತದೆ, ಅದರೊಂದಿಗೆ ಶುಲ್ಕವೂ.

ಡೀಮ್ಡ್ ಮತ್ತು ಖಾಸಗಿ ವಿ.ವಿ.ಗಳು ಬೇರೆ ಕಾಲೇಜುಗಳಿಗೆ ಸಂಯೋಜನೆ ಕೊಡುವಂತಿಲ್ಲ. ಬೆಂಗಳೂರಿನ ದೊಡ್ಡ ಕಥೋಲಿಕ ವಿ.ವಿ.ಯೊಂದರ ಆಸರೆಯಲ್ಲಿ ಇಲ್ಲಿನ ಚಿಕ್ಕ ಕಥೋಲಿಕ ಕಾಲೇಜು ನಡೆಯಲಿ ಎಂದು ಬಯಸಿದರೂ ಆಗದು. ಆ ಚಿಕ್ಕ ಕಾಲೇಜಿಗೂ ಕವಿವಿಯೇ ಆಸರೆ.

ಹಾಗಾಗಿ ಗಟ್ಟಿ ಕಾಲೇಜಿಗೆ ಹೊರಹೋಗಲು ಒಪ್ಪಿಗೆ ಕೊಡುವಾಗಲೇ ರಾಜ್ಯ ಸರ್ಕಾರ ಕೆಲವು ಷರತ್ತು ಬರೆಸಿಕೊಳ್ಳಬೇಕು. ಕನಿಷ್ಠ ಐದು ವರ್ಷ ಆ ಸಂಸ್ಥೆಯ ಅಧ್ಯಾಪಕರು ಮಾತೃ ವಿ.ವಿ.ಯ ಅಧ್ಯಯನ ಮಂಡಳಿಯಲ್ಲೂ ಮೌಲ್ಯಮಾಪನದಲ್ಲೂ ಕೆಲಸ ಮಾಡಬೇಕು. ಸರ್ಕಾರದ ಸಂಬಳದ ಹುದ್ದೆಗಳು ಇದ್ದಷ್ಟು ಕಾಲ ಆ ಪ್ರಮಾಣದ ಸೀಟುಗಳು ಸರ್ಕಾರಿ ಶುಲ್ಕದಲ್ಲೇ ಉಳಿಯಬೇಕು. ಹಳೆಯ ಬ್ಯಾಚಿನ ಕೊನೆಯ ವಿದ್ಯಾರ್ಥಿ ಬಾಕಿ ವಿಷಯ ಮುಗಿಸುವವರೆಗೆ ಪರೀಕ್ಷೆ ಯಾರು ನಡೆಸುತ್ತಾರೆ ಎಂಬುದೂ ಅದೇ ಕಾಗದದಲ್ಲಿ ಇರಬೇಕು. ಹಾವೇರಿ ವಿ.ವಿ.ಯ ಹೆಸರಿನಲ್ಲಿ ಪ್ರವೇಶ ಪಡೆದ ವಿದ್ಯಾರ್ಥಿಗಳಿಗೂ ವಿಲೀನದ ಮಾತಿನ ನಡುವೆ ಸ್ಪಷ್ಟ ಉತ್ತರ ಬೇಕಾಗಿರುವುದು ಈ ಕೊನೆಯ ಪ್ರಶ್ನೆಗೇ: ತಮ್ಮ ಪ್ರಮಾಣಪತ್ರಕ್ಕೆ ಸಹಿ ಹಾಕುವ ಕುಲಪತಿ ಯಾವ ಊರಿನವರು?